ಮೂಲೆ ಕತ್ತರಿಸಿದ ಪಾಸ್‌ಬುಕ್ಕು

ಜನವರಿ 11

ಅತ್ತಿಗೆಯವರಿಗೆ,

ಅಣ್ಣ ತೀರಿಕೊಂಡ ಸುದ್ದಿ ತಲುಪಿ ಐದು ವಾರವಾಯಿತು. ನಾನು ಬರಲಿಲ್ಲ. ಏಕೆಂದು ನಿಮಗೆ ಗೊತ್ತಿರುವುದರಿಂದ ನೆಪ ಹೇಳುವುದಿಲ್ಲ.

ಈ ಪತ್ರ ಕೆಲಸದ ಸಲುವಾಗಿ. ನಾನಿರುವ ಹಣದ ವಸ್ತುಸಂಗ್ರಹಾಲಯದಲ್ಲಿ ಜೂನ್ ಒಂದಕ್ಕೆ ಹೊಸ ಪ್ರದರ್ಶನ ತೆರೆಯುತ್ತದೆ. ಮೊದಲ ಕೋಣೆಯಲ್ಲಿ ಕವಡೆ, ಉಪ್ಪಿನ ಗಟ್ಟಿ, ತೂಗಿ ಕೊಡುತ್ತಿದ್ದ ಬೆಳ್ಳಿ. ಆಮೇಲೆ ಮುದ್ರೆ ಒತ್ತಿದ ನಾಣ್ಯ, ಅಕ್ಕಸಾಲಿಗರು ಬರೆದುಕೊಡುತ್ತಿದ್ದ ಚೀಟಿ, ನೋಟು, ಲೆಡ್ಜರು, ಕೊನೆಗೆ ಈಗಿನ ಫೋನು. ನಡುವೆ ಒಂದು ಕೋಣೆ ಮುಳುಗಿದ ಬ್ಯಾಂಕುಗಳದು. ಅಲ್ಲಿ ನಮ್ಮ ಬೀದಿಯ ಬ್ಯಾಂಕಿಗೂ ಒಂದು ಗಾಜಿನ ಪೆಟ್ಟಿಗೆ ಇಟ್ಟಿದ್ದಾರೆ. ಪ್ರತಿ ಪೆಟ್ಟಿಗೆಯ ಕೆಳಗಿನ ವಿವರಣೆ ಬರೆಯುವವಳು ನಾನು. ವಿಚಾರಣಾ ವರದಿಯನ್ನು ನೋಡಿ ಹೀಗೆ ಬರೆದಿದ್ದೇನೆ:

'ಮೂವತ್ತೊಂದು ವರ್ಷಗಳ ಹಿಂದೆ ಈ ಬ್ಯಾಂಕು ಮೂರೇ ದಿನದಲ್ಲಿ ಮುಚ್ಚಿತು. ಅಪಾಯದ ಸುಳಿವು ಕ್ಯಾಶಿಯರ್‌ಗೆ ಮೊದಲೇ ಇತ್ತೆಂದು ಜನ ನಂಬಿದರು. ಆತನ ಹೆಂಡತಿ ಹಿಂದಿನ ಶನಿವಾರವೇ ತನ್ನ ಪೂರ್ತಿ ಹಣ ತೆಗೆದುಕೊಂಡಿದ್ದಳು.'

ಪೆಟ್ಟಿಗೆ ಖಾಲಿ ಇದೆ. ಆ ಪಾಸ್‌ಬುಕ್ಕು ನಿಮ್ಮ ಹತ್ತಿರ ಇದ್ದರೆ ಕಳಿಸಿ. ಬರೆದದ್ದರ ಬಗ್ಗೆ ಹೇಳುವುದಿದ್ದರೆ ಏಪ್ರಿಲ್ ಮುಗಿಯುವುದರೊಳಗೆ ಹೇಳಿ. ಆಮೇಲೆ ಅಚ್ಚಿಗೆ ಹೋಗುತ್ತದೆ.

ಇಂತಿ,
ನಿಮ್ಮ ನಾದಿನಿ


ಜನವರಿ 29

ಟಕಟಕಿಗೆ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಕೆಲಸದ ಸಲುವಾಗಿಯಾದರೂ ಬರೆದೆಯಲ್ಲ. ಟೈಪಿಂಗ್ ಕಲಿಯುವಾಗ ಊಟದ ಮೇಜಿನ ಮೇಲೂ ಬೆರಳು ಬಡಿಯುತ್ತಿದ್ದೆಯೆಂದು ನಿನ್ನಣ್ಣ ಇಟ್ಟ ಹೆಸರು ಇದು. ಕೊನೆಯವರೆಗೂ ಅವರು ನಿನ್ನನ್ನು ಹಾಗೆಯೇ ಕರೆಯುತ್ತಿದ್ದರು, ನೀನು ಪಕ್ಕದ ಕೋಣೆಯಲ್ಲಿ ಇದ್ದೀಯೇನೋ ಎನ್ನುವ ಹಾಗೆ.

ಅವರಿಗೆ ಬಹಳ ನೋವಾಗಲಿಲ್ಲ. ಬೆಳಿಗ್ಗೆ ಪೇಪರು ಮಡಿಚಿಟ್ಟರು, ಕನ್ನಡಕ ತೆಗೆದು ಅದರ ಮೇಲಿಟ್ಟರು, ಅಷ್ಟೇ. ಆ ಕನ್ನಡಕಕ್ಕೆ ಮಾವನೇ ಗಾಜು ಕೂರಿಸಿಕೊಟ್ಟಿದ್ದರು. ಫ್ರೇಮು ಇನ್ನೂ ಗಟ್ಟಿಯಾಗಿದೆ.

ಬ್ಯಾಂಕು ಹೋದ ಮೇಲೆ ಅವರು ರದ್ದಿ ಕಾಗದದ ಗೋದಾಮಿನಲ್ಲಿ ತೂಕ ಬರೆಯುವ ಕೆಲಸಕ್ಕೆ ಸೇರಿದ್ದು ನಿನಗೆ ಗೊತ್ತಿರಬಹುದು. ಒಂದು ದಿನ ನಮ್ಮ ಬ್ಯಾಂಕಿನ ಲೆಡ್ಜರುಗಳೇ ಅಲ್ಲಿಗೆ ಬಂದವಂತೆ. ಮನೆಗೆ ಬಂದು ಕೈ ತೊಳೆಯುತ್ತಾ, "ನಲವತ್ತೆರಡು ಕಿಲೋ ಆಯ್ತು" ಎಂದರು. ಏನು ಎಂದು ಕೇಳಿದ ಮೇಲೆ ಹೇಳಿದ್ದು.

ಈಗ ನಾನು ಹೊಲಿಯುವ ಅಂಗಡಿಯಲ್ಲಿಯೂ ಜನ ಫೋನು ತೋರಿಸಿ ಹೋಗುತ್ತಾರೆ. ಗೋಡೆಯ ಡಬ್ಬಿ ಇಷ್ಟು ರೂಪಾಯಿ ಬಂತು ಎಂದು ಕೂಗುತ್ತದೆ. ಅದನ್ನು ಮೊದಲ ಸಲ ಕೇಳಿದಾಗ ಅವರು, "ಬಂತು ಅನ್ನುತ್ತಲ್ಲ, ಎಣಿಸಿದೋರು ಯಾರೇ?" ಎಂದಿದ್ದರು.

ಬ್ಯಾಂಕು ಎಂದರೇನು ಎಂದು ಮದುವೆಯಾದ ಹೊಸದರಲ್ಲಿ ನನ್ನ ಗುಂಡಿ ಡಬ್ಬಿಯಿಂದ ಹತ್ತು ಗುಂಡಿ ತೆಗೆದು ತೋರಿಸಿಕೊಟ್ಟಿದ್ದರು. ಹತ್ತು ಜನ ಹತ್ತು ಗುಂಡಿ ತಂದಿಡುತ್ತಾರೆ. ಎಂಟನ್ನು ಬೇಕಾದವರಿಗೆ ಸಾಲ ಕೊಡುತ್ತೇವೆ, ಎರಡನ್ನು ಪೆಟ್ಟಿಗೆಯಲ್ಲಿ ಇಡುತ್ತೇವೆ. "ಹತ್ತೂ ಜನ ಒಂದೇ ದಿನ ಬಂದು ಕೇಳಿಬಿಟ್ರೆ?" ಎಂದೆ. "ಯಾಕ್ ಬರ್ತಾರೆ? ನಮ್ಮ ಮೇಲೆ ನಂಬಿಕೆ ಇದೆಯಲ್ಲ" ಎಂದು ನಕ್ಕರು. ನಾನೂ ನಕ್ಕೆ.

ಪಾಸ್‌ಬುಕ್ಕು ಇದೆ, ನನ್ನ ಬಟ್ಟೆ ಪೆಟ್ಟಿಗೆಯ ತಳದಲ್ಲಿ. ನಾನು ಮುಟ್ಟಿಲ್ಲ. ಆ ದಿನ ನಾನು ದುಡ್ಡು ತೆಗೆದದ್ದು ಹೊಲಿಗೆ ಯಂತ್ರ ಕೊಳ್ಳುವುದಕ್ಕೆ. ಅವರು ನನಗೆ ಏನೂ ಹೇಳಿರಲಿಲ್ಲ. ಆ ಸಾಲನ್ನು ಗೋಡೆಯ ಮೇಲೆ ಹಾಕಬೇಡಮ್ಮ.

ನಿನ್ನ ಅತ್ತಿಗೆ


ಫೆಬ್ರವರಿ 16

ಅತ್ತಿಗೆಯವರಿಗೆ,

ಆ ಹೆಸರಿನಿಂದ ನನ್ನನ್ನು ಕರೆಯಬೇಡಿ. ಅದು ಅಣ್ಣ ಕರೆಯುತ್ತಿದ್ದದ್ದು.

ಹೊಲಿಗೆ ಯಂತ್ರವನ್ನು ನೀವು ಕೊಂಡದ್ದು ಬ್ಯಾಂಕು ಮುಚ್ಚಿದ ನಾಲ್ಕು ವರ್ಷದ ಮೇಲೆ, ಕಂತಿನಲ್ಲಿ. ಹದಿನೆಂಟು ಕಂತು. ಅಪ್ಪ ಆ ವಿಷಯ ಕೇಳಿ, "ಅಷ್ಟೊಂದು ಹಣ ತಗೊಂಡೋಳಿಗೆ ಕಂತ್ಯಾಕೆ?" ಎಂದಿದ್ದು ಚೆನ್ನಾಗಿ ನೆನಪಿದೆ. ಸುಳ್ಳು ಹೇಳುವುದಿದ್ದರೆ ಪತ್ರವನ್ನೇ ಬರೆಯಬೇಡಿ.

ವಿಚಾರಣೆಯ ಅಧಿಕಾರಿ ಅಣ್ಣನನ್ನು ನೇರವಾಗಿ ಕೇಳಿದ್ದಾರೆ: ನಿಮ್ಮ ಹೆಂಡತಿ ಹಣ ತೆಗೆದದ್ದು ಏಕೆ? ಅಣ್ಣ ಕೊಟ್ಟ ಉತ್ತರ ವರದಿಯ ಮೂವತ್ತೆರಡನೇ ಪುಟದಲ್ಲಿದೆ: 'ಅದು ಮನೆಯ ವಿಷಯ.' ಅಷ್ಟೇ. ಊರಿನ ದುಡ್ಡು ಮುಳುಗಿದೆ, ಇವನಿಗೆ ಮನೆಯ ವಿಷಯ.

ಸೋಮವಾರ ಬೆಳಿಗ್ಗೆ ನೀವು ಅಲ್ಲಿರಲಿಲ್ಲ, ನಾನಿದ್ದೆ. ಅಪ್ಪ ಕನ್ನಡಕದ ಅಂಗಡಿಗೆ ಬೀಗ ಹಾಕಿ, ಸರದಿಯ ನಂಬರಿನ ಹಿತ್ತಾಳೆ ಟೋಕನ್ನು ಹಿಡಿದು ಸಾಲಿನಲ್ಲಿ ನಿಂತಿದ್ದರು. ಅವರ ಹಿಂದೆ ಬೀದಿಯೇ ನಿಂತಿತ್ತು. ಕ್ಯಾಶಿಯರನ ಅಪ್ಪನೇ ನಿಂತ ಮೇಲೆ ಯಾರು ತಾನೇ ಮನೆಯಲ್ಲಿ ಕೂರುತ್ತಾರೆ? ಅಪ್ಪನ ಸರದಿ ಬಂದಾಗ ಅಣ್ಣ ಕಂಬಿಗಳ ಆಚೆಯಿಂದ, ಎಲ್ಲರಿಗೂ ಕೇಳುವ ಹಾಗೆ, "ಅಪ್ಪಾ, ನೀವು ಸಾಲು ಬಿಟ್ಟು ಮನೆಗೆ ಹೋಗಿ. ನೀವು ಹೋದ್ರೆ ಇವರೂ ಹೋಗ್ತಾರೆ" ಎಂದ.

"ನಿಜವಾಗ್ಲೂ ಇದೆಯೇನೋ ದುಡ್ಡು?"

"ಇದೆ ಅಪ್ಪಾ. ಹೊರಗಿದೆ. ವಾಪಸ್ ಬರುತ್ತೆ."

ಅಪ್ಪ ಹೋದರು. ಹಿಂದಿದ್ದ ಐದಾರು ಮಂದಿಯೂ ಹೋದರು, ಉಳಿದವರು ಕಾದು ನೋಡಿದರು. ಅರ್ಧ ಗಂಟೆ ಬೀದಿ ತಣ್ಣಗಿತ್ತು. ಆಮೇಲೆ ಯಾರೋ, "ಅಪ್ಪಂಗೆ ಬುದ್ಧಿ ಹೇಳ್ದ, ಹೆಂಡ್ತಿದು ಶನಿವಾರವೇ ತೆಗೆಸ್ದ" ಎಂದರು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಬ್ಯಾಂಕಿನ ಪೆಟ್ಟಿಗೆ ಬರಿದಾಯಿತು. ಅಪ್ಪನ ಇಪ್ಪತ್ತೆರಡು ವರ್ಷದ ಉಳಿತಾಯ ಹೋಯಿತು. ಅಪ್ಪ ಸಾಯುವವರೆಗೂ ಆ ಟೋಕನ್ನು ಅಂಗಡಿಯ ಮೇಜಿನ ಡ್ರಾಯರಿನಲ್ಲಿತ್ತು. ಈಗ ನನ್ನ ಹತ್ತಿರ ಇದೆ.

ಇದಕ್ಕೆ ನಿಮ್ಮ ಹತ್ತಿರ ಉತ್ತರವಿದ್ದರೆ ಬರೆಯಿರಿ. ಇಲ್ಲದಿದ್ದರೆ ನಾನು ಬರೆದ ಆ ಸಾಲು ಹಾಗೇ ಇರುತ್ತದೆ.

ನಾದಿನಿ


ಏಪ್ರಿಲ್ 2

ನಾದಿನಿಗೆ,

ಬರೆಯುವುದಕ್ಕೆ ಆರು ವಾರ ಬೇಕಾಯಿತು. ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ದಿನಕ್ಕೆ ನಾಲ್ಕು ಸಾಲು ಡೈರಿ ಬರೆಯುವುದು ಬಿಟ್ಟರೆ ನನಗೆ ಬೇರೆ ಬರವಣಿಗೆ ಗೊತ್ತಿಲ್ಲ. ಆದರೆ ಆ ವಾರದ ಪುಟಗಳು ಡೈರಿಯಲ್ಲೂ ಖಾಲಿ ಇವೆ. ನಾಚಿಕೆಯಾದದ್ದನ್ನು ನಾನು ಡೈರಿಗೂ ಹೇಳಿದವಳಲ್ಲ.

ಯಂತ್ರದ ಮಾತು ಸುಳ್ಳು. ನಾನು ದುಡ್ಡು ತೆಗೆದದ್ದು ನಿನ್ನ ಅಣ್ಣನನ್ನು ಬಿಟ್ಟು ಹೋಗುವುದಕ್ಕೆ.

ಅದರ ಹಿಂದಿನ ವರ್ಷ ನಮ್ಮ ಮಗು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಯಿತಲ್ಲ. ಮೂರನೇ ದಿನವೇ ಅವರು ಅಂಗಿ ಇಸ್ತ್ರಿ ಮಾಡಿಕೊಂಡು ಕೌಂಟರಿಗೆ ಹೋದರು. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಬಾಗಿಲು ಎಳೆದುಕೊಂಡ ಸದ್ದು ಕೇಳಿತು. ಆ ಸದ್ದು ಒಂದು ವರ್ಷ ನನ್ನ ಕಿವಿಯಲ್ಲೇ ಇತ್ತು. ಈ ಮನುಷ್ಯನಿಗೆ ನೋಟಿನ ಕಟ್ಟುಗಳೇ ಮಕ್ಕಳು ಎಂದುಕೊಂಡೆ. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆಯವರ ಹಾಗಿದ್ದೆವು.

ನನ್ನ ಚಿಕ್ಕಮ್ಮ ಬೇರೆ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಬಾ ಎಂದಳು. ಶನಿವಾರ ಹನ್ನೊಂದಕ್ಕೆ ನಿನ್ನಣ್ಣ ಚೆಕ್ಕುಗಳ ಚೀಲ ಹಿಡಿದು ದೊಡ್ಡ ಬ್ಯಾಂಕಿಗೆ ಹೋಗುತ್ತಿದ್ದರು, ಕೌಂಟರಿನಲ್ಲಿ ಗುಮಾಸ್ತ ಕೂರುತ್ತಿದ್ದ. ಆ ಹೊತ್ತು ನೋಡಿಕೊಂಡು ಹೋದೆ. ಬ್ಯಾಂಕಿನವರ ಮನೆಯವರು ಯಾರೂ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ, ಬೇಕಾದ್ದನ್ನು ಗಂಡಸರೇ ತಂದುಕೊಡುತ್ತಿದ್ದರು. ನಾನು ನಿಂತದ್ದೇ ಒಂದು ಸುದ್ದಿ ಎಂದು ನನಗೆ ಹೊಳೆಯಲಿಲ್ಲ. ಖಾತೆ ಮುಚ್ಚಿದ ಗುರುತಿಗೆ ಗುಮಾಸ್ತ ಕತ್ತರಿ ತೆಗೆದು ಪಾಸ್‌ಬುಕ್ಕಿನ ಮೂಲೆ ಕತ್ತರಿಸಿದ. ನೀನು ಟೈಪಿಂಗ್ ಶಾಲೆಯ ಫೀಜು ಕಟ್ಟಲು ಬಂದು ಬಾಗಿಲ ಹತ್ತಿರ ನಿಂತಿದ್ದೆ. ನನ್ನನ್ನು ನೋಡಿ ಕೈ ಎತ್ತಿದೆ. ನಾನು ನೋಡದ ಹಾಗೆ ಹೋದೆ.

ಸಂಜೆ ಅವರು ಬಂದಾಗ ನನ್ನ ಪೆಟ್ಟಿಗೆ ಕಟ್ಟಿ ಆಗಿತ್ತು. ಗುಮಾಸ್ತ ಅವರಿಗೆ ಹೇಳಿದ್ದನಂತೆ. ಪೆಟ್ಟಿಗೆಯ ಹಗ್ಗ ಬಿಗಿಯಾಗಿದೆಯೇ ಎಂದು ಎಳೆದು ನೋಡಿದರು. "ಬಸ್ಸು ಎಷ್ಟ್ ಗಂಟೆಗೆ?" ಎಂದರು. ಭಾನುವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಅವರೇ ಏರಿಸಿದರು. "ದುಡ್ಡು ಒಂದೇ ಕಡೆ ಇಟ್ಕೋಬೇಡ" ಎಂದರು. ಅಷ್ಟೇ ಮಾತು. ಚಿಕ್ಕಮ್ಮನನ್ನು ನೋಡಲು ಹೋಗಿದ್ದಾಳೆ ಎಂದು ನಿಮಗೆಲ್ಲ ಹೇಳಿದ್ದರಂತೆ.

ಬುಧವಾರ ಸಂಜೆ ಚಿಕ್ಕಮ್ಮನ ಅಂಗಡಿಯಲ್ಲಿ ಪೇಪರು ನೋಡಿದೆ. ಕ್ಯಾಶಿಯರನ ಹೆಂಡತಿ ಎಂದು ಬರೆದಿತ್ತು. ಗುರುವಾರ ಮೊದಲ ಬಸ್ಸಿಗೇ ವಾಪಸ್ಸು ಬಂದೆ. ದುಡ್ಡನ್ನು ಹಾಗೆಯೇ ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ತೆಗೆದುಕೊಂಡು ಹೋಗಿ ವಿಚಾರಣೆಯವರಿಗೆ ಕಟ್ಟಿ ರಸೀದಿ ತಂದರು. ಅದಕ್ಕೂ ಜನ, ಕಳ್ಳ ಹೆದರಿ ವಾಪಸ್ಸು ಕೊಟ್ಟ ಎಂದರು.

ನಾನು ಹೋಗಿ ನಿಜ ಹೇಳುತ್ತೇನೆ ಎಂದೆ. ಅವರು ಬೇಡವೆಂದರು. "ಗಂಡನ್ನ ಬಿಟ್ಟು ಹೋಗಿದ್ಲು ಅಂತ ಸಾಯೋವರೆಗೂ ನಿನ್ನ ಆಡಿಕೊಳ್ತಾರೆ. ನನ್ನನ್ನ ಹೇಗೂ ಆಡಿಕೊಳ್ತಾ ಇದ್ದಾರೆ. ಇಬ್ಬರೂ ಯಾಕೆ?" ಎಂದರು. ನಾನು ಒಂದು ಸಲ ಹೇಳಿ ಸುಮ್ಮನಾದೆ. ಎರಡನೇ ಸಲ ಹೇಳಲಿಲ್ಲ. ನಿಜ ಏನೆಂದರೆ, ಅವರು ಬೇಡ ಎಂದಾಗ ನನಗೆ ಸಮಾಧಾನವಾಯಿತು. ಇದನ್ನು ಯಾರಿಗೂ ಹೇಳಿಲ್ಲ. ಅವರು ಮೂವತ್ತೊಂದು ವರ್ಷ ಬಿಸಿಲಲ್ಲಿ ನಿಂತರು, ನಾನು ಅವರ ನೆರಳಲ್ಲಿ ನಿಂತೆ.

ಇನ್ನೊಂದು ಮಾತು. ಬ್ಯಾಂಕಿನ ತಿಜೋರಿಗೆ ಎರಡು ಬೀಗದಕೈ. ಒಂದು ಮ್ಯಾನೇಜರದು, ಒಂದು ಕ್ಯಾಶಿಯರದು. ಎರಡೂ ಒಟ್ಟಿಗೆ ತಿರುಗಿಸದೆ ಬಾಗಿಲು ತೆರೆಯುವುದಿಲ್ಲ. ಮಗು ಹೋದ ಎರಡು ದಿನ ತಿಜೋರಿ ತೆರೆದಿರಲಿಲ್ಲ. ಮೂರನೇ ದಿನ ಸಂಬಳದ ದಿನ. ಕಾರ್ಖಾನೆಯವರೆಲ್ಲ ಬಾಗಿಲಲ್ಲಿ ಕಾಯುತ್ತಿದ್ದರಂತೆ. ಇದನ್ನು ನನಗೆ ಹೇಳಿದವರು ಮ್ಯಾನೇಜರ ಹೆಂಡತಿ, ಹನ್ನೆರಡು ವರ್ಷದ ಮೇಲೆ, ತರಕಾರಿ ಕೊಳ್ಳುತ್ತಾ. ನಿನ್ನಣ್ಣ ತಾವಾಗಿ ಹೇಳಲಿಲ್ಲ. ನಾನಾಗಿ ಕೇಳಲಿಲ್ಲ.

ನೀನು ಏನು ಬೇಕಾದರೂ ಬರೆ. ಆದರೆ ಅವರಿಗೆ ಮೊದಲೇ ಗೊತ್ತಿತ್ತು ಎಂದು ಮಾತ್ರ ಬರೆಯಬೇಡ. ಅವರಿಗೆ ಏನೂ ಗೊತ್ತಿರಲಿಲ್ಲ. ಬ್ಯಾಂಕಿನದೂ ಗೊತ್ತಿರಲಿಲ್ಲ, ನನ್ನದೂ ಗೊತ್ತಿರಲಿಲ್ಲ.

ಅತ್ತಿಗೆ


ಏಪ್ರಿಲ್ 20

ಅತ್ತಿಗೆ,

ಉತ್ತರಕ್ಕೆ ಕಾಯುತ್ತಿರುತ್ತೀರಿ ಎಂದು ಗೊತ್ತಿತ್ತು. ದಿನಾ ಕುಳಿತೆ, ದಿನಾ ಎದ್ದೆ.

ನೀವು ನೋಡದ ಹಾಗೆ ಹೋದಿರಲ್ಲ, ನನಗೆ ಅವಮಾನವಾಯಿತು. ನಿಮ್ಮ ಹಿಂದೆ ಓಡಿಬಂದು 'ಏನತ್ತಿಗೆ?' ಎಂದು ಕೇಳಬಹುದಿತ್ತು. ಹತ್ತು ಹೆಜ್ಜೆ. ಕೇಳದೆ, ರಸ್ತೆ ದಾಟಿ ಅಪ್ಪನ ಅಂಗಡಿಗೆ ನುಗ್ಗಿದೆ. "ಅಪ್ಪಾ, ಅತ್ತಿಗೆ ಎಲ್ಲಾ ದುಡ್ಡು ತೆಗೆದುಬಿಟ್ರು! ಮೂಲೆ ಕತ್ತರಿಸಿಬಿಟ್ರು!" ಎಂದು ಕೂಗಿದೆ. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಒಬ್ಬರು ನಂಬರು ನೋಡಲು ಹಾಕಿಕೊಂಡಿದ್ದ ಫ್ರೇಮನ್ನು ಮೂಗಿನ ಮೇಲೇ ಇಟ್ಟುಕೊಂಡು ಬೀದಿಗೆ ಇಳಿದರು. ಅಪ್ಪ, "ರೀ, ನನ್ನ ಫ್ರೇಮು!" ಎಂದು ಕೂಗಿದರೂ ತಿರುಗಲಿಲ್ಲ. ನಾನು ನಕ್ಕೆ, ಅತ್ತಿಗೆ. ನನಗೆ ಹತ್ತೊಂಬತ್ತು ವರ್ಷ. ದೊಡ್ಡ ಸುದ್ದಿ ತಂದವಳು ನಾನೆಂದು ಖುಷಿಯಾಗಿತ್ತು.

ಭಾನುವಾರ ಪೂರ್ತಿ ಆ ಸುದ್ದಿ ಮನೆಮನೆಯಲ್ಲಿ ಬೆಂದಿತು. ಸೋಮವಾರ ಅಪ್ಪ ಸಾಲಿನಲ್ಲಿ ನಿಂತರು.

ನೀವು ಅವರ ನೆರಳಲ್ಲಿ ನಿಂತಿರಿ. ನಾನು ಅವರ ಮೇಲೆ ಬೆರಳು ತೋರಿಸುತ್ತಾ ನಿಂತೆ, ಯಾರೂ ನನ್ನ ಕಡೆ ನೋಡಬಾರದೆಂದು. ವರದಿಯ ಮೂವತ್ತೆರಡನೇ ಪುಟವನ್ನು ನೂರು ಸಲ ಓದಿದ್ದೇನೆ. ನಿಮ್ಮ ಪತ್ರ ಬಂದ ಮೇಲೆ ಮೊದಲ ಸಲ ಮೂವತ್ಮೂರನೇ ಪುಟಕ್ಕೆ ತಿರುಗಿಸಿದೆ. 'ಕ್ಯಾಶಿಯರರ ಲೆಕ್ಕದಲ್ಲಿ ಒಂದು ಪೈಸೆಯೂ ಕಡಿಮೆ ಕಂಡುಬಂದಿಲ್ಲ. ಸಾಲಗಳು ಸುಭದ್ರವಾಗಿದ್ದವು. ಜನ ಒಟ್ಟಿಗೆ ಬಾರದಿದ್ದರೆ ಬ್ಯಾಂಕು ಉಳಿಯುತ್ತಿತ್ತು' ಎಂದಿದೆ. ಒಂದು ಹಾಳೆ ತಿರುಗಿಸುವುದಕ್ಕೆ ನನಗೆ ಅಷ್ಟು ವರ್ಷ ಬೇಕಾಯಿತು.

ಅಣ್ಣನ ಮುಖ ನೋಡಲು ನಾನು ಬರಲಿಲ್ಲ.

ನಿಮ್ಮ ನಾದಿನಿ


ಮೇ 6

ನಾದಿನಿಗೆ,

ಪಾಸ್‌ಬುಕ್ಕು ಇದರ ಜೊತೆ ಇದೆ. ಬಟ್ಟೆಯಲ್ಲಿ ಹೊಲಿದು ಕಳಿಸಿದ್ದೇನೆ, ಅಂಚನ್ನು ಬ್ಲೇಡಿನಿಂದ ನಿಧಾನವಾಗಿ ಬಿಚ್ಚು. ನಾನು ತೆರೆದು ನೋಡಿಲ್ಲ. ನಾನು ವಾಪಸ್ಸು ಬಂದ ದಿನ ದುಡ್ಡಿನ ಜೊತೆ ಮೇಜಿನ ಮೇಲೆ ಇಟ್ಟದ್ದು, ಅವರೇ ಎತ್ತಿ ನನ್ನ ಪೆಟ್ಟಿಗೆಗೆ ಹಾಕಿದ್ದು.

ನಿನಗೆ ಹತ್ತೊಂಬತ್ತು ವರ್ಷವಾಗಿತ್ತು. ನನಗೆ ಇಪ್ಪತ್ತೇಳು. ದೊಡ್ಡವಳು ನಾನು. ಇದಕ್ಕಿಂತ ಹೆಚ್ಚು ಸಮಾಧಾನ ಹೇಳುವುದಕ್ಕೆ ನನಗೆ ಬರುವುದಿಲ್ಲ.

ನೀನು ತನ್ನನ್ನು ನೋಡಲು ಬರಲಿಲ್ಲ ಎಂದು ಅವರು ಒಂದು ದಿನವೂ ಅಂದವರಲ್ಲ. ಬೀದಿಯಲ್ಲಿ ಟೈಪಿಂಗ್ ಶಾಲೆಯ ಬೋರ್ಡು ಕಂಡರೆ ಮಾತ್ರ ನಿಲ್ಲುತ್ತಿದ್ದರು.

ಅತ್ತಿಗೆ


ಮೇ 19

ಪ್ರೀತಿಯ ಅತ್ತಿಗೆ,

ಪಾಸ್‌ಬುಕ್ಕು ತಲುಪಿತು. ನಮ್ಮ ಮುಖ್ಯಸ್ಥರ ಮುಂದೆ ಎಲ್ಲ ಹೇಳಿದೆ. "ಏನ್ರೀ, ನಿಮ್ಮ ಮನೆ ಜಗಳ ನಮ್ಮ ಗೋಡೆಗ್ಯಾಕೆ?" ಎಂದರು. "ಆ ಬ್ಯಾಂಕು ಮುಳುಗಿದ್ದೇ ನಮ್ಮ ಮನೆಯಿಂದ ಸಾರ್" ಎಂದೆ. ಮೂವತ್ಮೂರನೇ ಪುಟ ತೋರಿಸಿದ ಮೇಲೆ ಒಪ್ಪಿದರು. ಅಚ್ಚಿಗೆ ಹೋಗಿದ್ದ ಹಾಳೆಯನ್ನು ವಾಪಸ್ಸು ತರಿಸಿದೆವು. ಈಗ ಹೀಗಿದೆ:

'ಈ ಬ್ಯಾಂಕಿನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಬ್ಬ ಹೆಂಗಸು ತನ್ನ ಸ್ವಂತ ಕಾರಣಕ್ಕೆ ತನ್ನ ಖಾತೆ ಮುಚ್ಚಿದಳು. ಅದನ್ನು ಕಂಡ ಕ್ಯಾಶಿಯರರ ತಂಗಿ, ಕಾರಣ ಕೇಳದೆ, ಬೀದಿಗೆ ಹೇಳಿದಳು. ಮೂರು ದಿನದಲ್ಲಿ ಬ್ಯಾಂಕು ಮುಚ್ಚಿತು. ಪೆಟ್ಟಿಗೆ ಬರಿದಾಗುವವರೆಗೂ ಕ್ಯಾಶಿಯರರು ಕೌಂಟರಿನಲ್ಲಿಯೇ ಇದ್ದರು.'

ಪಾಸ್‌ಬುಕ್ಕಿನ ಪಕ್ಕದಲ್ಲಿ ಅಪ್ಪನ ಟೋಕನ್ನು ಇಡುತ್ತೇನೆ.

ಆದರೆ ಒಂದು ವಿಷಯ ಕೇಳಬೇಕು. ನಿಮ್ಮ ಖಾತೆ ಮುಚ್ಚಿದ ಶನಿವಾರದ ಕೆಳಗೆ ಕೆಂಪು ಗೆರೆ ಎಳೆದಿದೆ. ಅದಾದ ಮೇಲೆ ಏನೂ ಇರಬಾರದು. ಮುಂದಿನ ಪುಟದಲ್ಲಿ ಅಣ್ಣನ ಕೈಬರಹದಲ್ಲಿ ಒಂದೇ ಒಂದು ನಮೂದು ಇದೆ. ಬ್ಯಾಂಕು ಮುಚ್ಚಿದ ಮರುದಿನದ, ಗುರುವಾರದ ತಾರೀಕು. ಜಮೆ ಕಾಲಂನಲ್ಲಿ ಮೊತ್ತ ಬರೆದಿಲ್ಲ. ಅದರ ಎದುರು, ಹಣ ಬಂದದ್ದು ಸರಿಯಿದೆ ಎಂದು ಕ್ಯಾಶಿಯರರು ಹಾಕುತ್ತಾರಲ್ಲ, ಆ ಚಿಕ್ಕ ಸಹಿ.

ಅಷ್ಟು ಹೊತ್ತಿಗೆ ಬ್ಯಾಂಕೇ ಇರಲಿಲ್ಲ. ನೀವು ತಂದ ಹಣಕ್ಕಾದರೆ ಬೇರೆ ರಸೀದಿ ಇತ್ತು. ಇದು ಯಾವುದರ ಜಮೆ ಅತ್ತಿಗೆ? ಮುಖ್ಯಸ್ಥರಿಗೆ ಆ ಪುಟ ಹಿಡಿಸಿಬಿಟ್ಟಿದೆ, ಅದನ್ನೇ ತೆರೆದಿಡೋಣ ಎನ್ನುತ್ತಿದ್ದಾರೆ. ನಿಮ್ಮನ್ನು ಕೇಳದೆ ಒಪ್ಪಲಿಲ್ಲ.

ನಿಮ್ಮ
ಟಕಟಕಿ


ಮೇ 25

ಟಕಟಕಿಗೆ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಗಿರಾಕಿ ಎದುರಿಗೇ ನಿಂತಿದ್ದಳು. ಏನಾಯ್ತಕ್ಕ ಎಂದಳು. ಸೂಜಿ ಚುಚ್ಚಿತು ಎಂದೆ.

ಗುರುವಾರ ನಾನು ಬಸ್ಸಿನಿಂದ ಇಳಿದು ಬಂದ ದಿನ. ಹೇಳಿದ್ದೆನಲ್ಲ. ಆ ದಿನ ನಾನು ಬಾಗಿಲು ತಟ್ಟಿದಾಗ ಅವರೇ ತೆರೆದರು. ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗಿಟ್ಟರು. ಅಷ್ಟೇ ಎಂದುಕೊಂಡಿದ್ದೆ. ನಾನು ಬಂದದ್ದು ಅವರಿಗೆ ಬೇಕಿತ್ತೋ ಬೇಡವೋ ಎಂದು ಇಷ್ಟು ವರ್ಷ ನನ್ನಷ್ಟಕ್ಕೆ ನಾನೇ ಕೇಳಿಕೊಂಡಿದ್ದೇನೆ. ಉತ್ತರ ನನ್ನ ಪೆಟ್ಟಿಗೆಯ ತಳದಲ್ಲೇ ಇತ್ತು. ನಾನು ತೆರೆಯಲಿಲ್ಲ.

ನೀನು ಬರೆದ ಸಾಲುಗಳು ಸರಿಯಾಗಿವೆ. ನಿನ್ನ ವಿಷಯ ಬರೆದದ್ದನ್ನು ತೆಗೆ ಎನ್ನೋಣವೆಂದಿದ್ದೆ. ಆಮೇಲೆ, ಒಬ್ಬರೇ ಹೊತ್ತದ್ದು ಸಾಕು ಅನ್ನಿಸಿತು. ಇರಲಿ.

ಜೂನ್ ಒಂದಕ್ಕೆ ಬರುತ್ತೇನೆ. ಬಸ್ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗು, ನಿನ್ನ ಊರು ನನಗೆ ಗೊತ್ತಿಲ್ಲ.

ಪಾಸ್‌ಬುಕ್ಕನ್ನು ಮುಚ್ಚಿಯೇ ಇಡು. ಕತ್ತರಿಸಿದ ಮೂಲೆ ಕಂಡರೆ ಸಾಕು. ಆ ಪುಟ ಏನೆಂದು ನಿಮ್ಮ ಮುಖ್ಯಸ್ಥರು ಕೇಳಿದರೆ ನಿನ್ನ ಅಣ್ಣ ಹೇಳಿದ್ದನ್ನೇ ಹೇಳು. ಅದು ಮನೆಯ ವಿಷಯ.

ನಿನ್ನ ಅತ್ತಿಗೆ